ಮೊದಲು ನೀರು, ಆಮೇಲೆ ಕಲ್ಲು
ಮಿಷಿಗನ್ ಸೆಂಟ್ರಲ್ ನಿಲ್ದಾಣ, ಡೆಟ್ರಾಯಿಟ್

1913ರಲ್ಲಿ ತೆರೆದ ಈ ನಿಲ್ದಾಣದಿಂದ ಕೊನೆಯ ರೈಲು ಹೊರಟದ್ದು 1988ರ ಜನವರಿಯಲ್ಲಿ. ಆಮೇಲೆ ಮೂವತ್ತು ವರ್ಷ ಮಳೆ, ಹಿಮ, ಕಳ್ಳರ ಕಾಟ.

2018ರಲ್ಲಿ ಫೋರ್ಡ್ ಕಂಪನಿ ಕಟ್ಟಡವನ್ನು ಕೊಂಡಿತು. ಜೀರ್ಣೋದ್ಧಾರಕ್ಕೆ ಕಂಪನಿಯ ಹಣದ ಜೊತೆಗೆ ಪಾರಂಪರಿಕ ಕಟ್ಟಡಗಳಿಗೆ ಸಿಗುವ ತೆರಿಗೆ ರಿಯಾಯಿತಿಯೂ ನೆರವಾಯಿತು. ಮೂಲ ಸ್ವರೂಪ ಕೆಡಬಾರದೆಂಬುದು ಅದರ ಷರತ್ತು.

ಯೋಜನೆಯ ಜಾಣತನವೆಲ್ಲ ಕೆಲಸದ ಕ್ರಮದಲ್ಲಿದೆ. ಅಲಂಕಾರಕ್ಕೆ ಕೈಹಾಕುವ ಮೊದಲು ನೆಲಮಾಳಿಗೆಯ ನೀರು ಹೊರಹಾಕಿ ಗೋಡೆಗಳನ್ನು ಒಣಗಿಸಿದರು. ನಂತರ ಉಕ್ಕು, ಕಲ್ಲುಕೆಲಸ; ಒಳಾಂಗಣ ಕೊನೆಗೆ. ಹೊಸ ಸುಣ್ಣಕಲ್ಲು ಹಳೆಯದಕ್ಕೆ ಹೊಂದಬೇಕೆಂದು ಇಂಡಿಯಾನಾದಲ್ಲಿ ಮುಚ್ಚಿಹೋಗಿದ್ದ ಕಲ್ಲುಗಣಿಯನ್ನೇ ಮತ್ತೆ ತೆರೆಸಿದರು. ತಲೆಯೆತ್ತಿ ನೋಡಿ: ಕಮಾನು ಚಾವಣಿಯ ಸುಮಾರು 29,000 ಬಿಲ್ಲೆಗಳಲ್ಲಿ ಬದಲಿಸಬೇಕಾಗಿ ಬಂದದ್ದು ಸುಮಾರು 1,300 ಮಾತ್ರ!

ಕಳವಾಗಿದ್ದ ಗಡಿಯಾರವೊಂದು 2018ರಲ್ಲೇ ಮರಳಿತು. ಅದೆಲ್ಲಿದೆಯೆಂದು ಯಾರೋ ಹೆಸರು ಹೇಳದೆ ಫೋನ್ ಮಾಡಿ ತಿಳಿಸಿದ್ದರು. ನಿಲ್ದಾಣ ಜನರಿಗೆ ಮತ್ತೆ ತೆರೆದದ್ದು 2024ರ ಜೂನ್‌ನಲ್ಲಿ.