ಜಗದಾಳೆ ಮನೆತನದ ಬಟ್ಟಿಯ ಇತಿಹಾಸ

1924ನೆಯ ಇಸವಿಯ ಡಿಸೆಂಬರದಲ್ಲಿ ಬೆಳಗಾವಿಯಲ್ಲಿ ಕೂಡಿದ ಕಾಂಗ್ರೆಸ್ಸಿನ ಅಧಿವೇಶನಕ್ಕೆ ಮಹಾತ್ಮಾ ಗಾಂಧಿಯವರು ಅಧ್ಯಕ್ಷರಾಗಿದ್ದರೆಂಬುದು ವಾಚಕರಿಗೆಲ್ಲ ತಿಳಿದ ಸಂಗತಿಯೇ. ಮಹಾತ್ಮರ ಕಾರ್ಯಕ್ರಮಗಳಲ್ಲಿ ಪಾನನಿರೋಧವು ಮುಖ್ಯವಾದುದೊಂದು. ಅದಾದ ಕಾಲು ಶತಮಾನಕ್ಕೆ, ಬೆಳಗಾವಿ ಜಿಲ್ಲೆಯು ಇನ್ನೂ ಮುಂಬಯಿ ಪ್ರಾಂತದೊಳಗಿದ್ದಾಗಲೇ, 1949ರ ಪಾನನಿರೋಧದ ಕಾಯಿದೆಯು ಹುಟ್ಟಿ, ಬೆಳಗಾವಿ ಶಹರದಲ್ಲಾಗಲಿ ಖಾನಾಪುರದ ಕಾಡಂಚಿನ ಹಳ್ಳಿಗಳಲ್ಲಾಗಲಿ ಮದ್ಯವನ್ನು ಬಟ್ಟಿ ಇಳಿಸುವುದು ಅಪರಾಧವೆನಿಸಿತು. ಖಾನಾಪುರ ತಾಲೂಕಿನ ಕಣಕುಂಬಿಯನ್ನು ದಾಟಿ ಘಟ್ಟವಿಳಿದರೆ ಆಗ ಪೋರ್ತುಗೀಜರ ಗೋವೆ. ಅಲ್ಲಿ ಗೋಡಂಬಿಯ ಹಣ್ಣಿನ ರಸದಿಂದ ಫೇಣಿಯನ್ನು ಇಳಿಸುವುದು ತಲೆತಲಾಂತರದ ಕಸುಬು. ಇತ್ತ ತೆಂಕಣದ ಬೆಂಗಳೂರಿನಲ್ಲಿ ಅದೇ 1949ರಲ್ಲಿಯೇ ಒಂದು ಮನೆತನವು ತನ್ನ ಮೊದಲನೆಯ ಬ್ರಾಂದಿಯನ್ನು ಮಾರಾಟಕ್ಕೆ ತಂದಿತು. ಒಂದೇ ನುಡಿಯನ್ನಾಡುವ ಜನರ ನಡುವೆ ಹಾದುಹೋಗಿದ್ದ ಪ್ರಾಂತದ ಗಡಿಯು ಒಂದೆಡೆ ದಂಡನೆಗೊಳಗಾದ ಕಸುಬನ್ನು ಇನ್ನೊಂದೆಡೆ ಮನೆತನದ ಉದ್ಯಮವನ್ನಾಗಿ ಮಾಡಿತ್ತು. ಆ ಮನೆತನವೇ ಜಗದಾಳೆಯವರದು.

ಈ ಉದ್ಯಮದ ಮೂಲಪುರುಷರು ಜೆ. ಎನ್. ರಾಧಾಕೃಷ್ಣ ರಾವ್ ಜಗದಾಳೆಯವರು. ದೇಶಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂಸ್ಥೆಗೆ ‘ಅಮೃತ್’ ಎಂಬ ಹೆಸರಿಟ್ಟರು. ಕ್ಷೀರಸಾಗರವನ್ನು ಕಡೆದಾಗ ಅಮೃತದಂತೆಯೇ ವಾರುಣಿಯೂ ಹುಟ್ಟಿದಳೆಂದು ಪುರಾಣಗಳು ಹೇಳುವುದುಂಟು. ಆದರೆ ವಾರುಣಿಯ ವ್ಯಾಪಾರಕ್ಕೆ ಅಮೃತದ ಹೆಸರನ್ನಿಟ್ಟ ಧೈರ್ಯವು ಸಾಮಾನ್ಯವಾದುದಲ್ಲ. ಸಿಲ್ವರ್ ಕಪ್ ಎಂಬ ಬ್ರಾಂದಿಯೇ ಮೊದಲನೆಯ ಸರಕು. ಮದ್ಯಸಾರವನ್ನು ಬೆರೆಸಿ ಹದಮಾಡಿ ಸೀಸೆಗಳಲ್ಲಿ ತುಂಬಿ ಮಾರುವುದು ಆ ಕಾಲದ ಕೆಲಸವಾಗಿತ್ತು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ನಮ್ಮ ದೇಶದಲ್ಲಿ ವಿಸ್ಕಿಯೆಂದು ಮಾರಾಟವಾಗುವುದರ ಬಹುಭಾಗವು ಧಾನ್ಯದಿಂದ ಹುಟ್ಟಿದುದಲ್ಲ. ಕಬ್ಬಿನ ರಸವನ್ನು ಕಾಯಿಸಿ ಸಕ್ಕರೆಯನ್ನು ತೆಗೆದ ಮೇಲೆ ಉಳಿಯುವ ಕಪ್ಪು ಕಾಕಂಬಿಯೇ ಅದರ ತಾಯಿ. ಬೆಳಗಾವಿ ಜಿಲ್ಲೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 1939ರಲ್ಲಿ ಶಿರಗಾಂವಕರ ಬಂಧುಗಳು ಉಗಾರದಲ್ಲಿ ಸಕ್ಕರೆಯ ಕಾರಖಾನೆಯನ್ನು ಹಾಕಿದರು. ಕಾಲಾನಂತರ ಅದಕ್ಕೆ ಬಟ್ಟಿಯ ಕಾರಖಾನೆಯೂ ಜೋಡಿಯಾಯಿತು. ಇಂದು ಜಿಲ್ಲೆಯ ಅನೇಕ ತಾಲೂಕುಗಳಲ್ಲಿ ಕಬ್ಬೇ ರೈತನ ಬಾಳಿನ ಆಧಾರ. ಆದರೆ ಐರೋಪ್ಯ ದೇಶಗಳ ಕಾನೂನು ಕಾಕಂಬಿಯ ಮದ್ಯವನ್ನು ವಿಸ್ಕಿಯೆಂದು ಒಪ್ಪುವುದಿಲ್ಲ. ಧಾನ್ಯದಿಂದ ಇಳಿಸಿ, ಮರದ ಪೀಪಾಯಿಯಲ್ಲಿ ಮೂರು ವರ್ಷಕ್ಕೆ ಕಡಮೆಯಾಗದಂತೆ ಇರಿಸಿದುದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ಹೀಗಾಗಿ ಭಾರತದ ವಿಸ್ಕಿಯೆಂದರೆ ಹೊರನಾಡಿನಲ್ಲಿ ನಗೆಯ ಮಾತಾಗಿತ್ತು.

1976ರಲ್ಲಿ ರಾಧಾಕೃಷ್ಣರು ತೀರಿಕೊಂಡರು. ಉದ್ಯಮದ ಭಾರವು ಅವರ ಮಗ ನೀಲಕಂಠ ರಾವ್ ಜಗದಾಳೆಯವರ ಹೆಗಲಿಗೆ ಬಿದ್ದಿತು. ತಂದೆ ಹಾಕಿಕೊಟ್ಟ ದಾರಿಯಲ್ಲಿ ನಡೆದುಕೊಂಡು ಹೋಗಿದ್ದರೂ ಮನೆತನವು ಸುಖವಾಗಿಯೇ ಇರುತ್ತಿತ್ತು. ಆದರೆ ಅವರು 1980ರ ದಶಕದಲ್ಲಿ ಪಂಜಾಬ, ಹರಿಯಾಣ, ರಾಜಸ್ಥಾನಗಳ ಜವೆಗೋಧಿಯನ್ನು ತರಿಸಿ ನಿಜವಾದ ಮಾಲ್ಟ್ ವಿಸ್ಕಿಯನ್ನು ಇಳಿಸುವ ಸಾಹಸಕ್ಕೆ ಕೈಹಾಕಿದರು. 1987ರಲ್ಲಿ ಮೈಸೂರು ರಸ್ತೆಯ ಕಂಬೀಪುರದಲ್ಲಿ ಹೊಸ ಕಾರಖಾನೆ ಎದ್ದಿತು. ಜವೆಗೋಧಿಯನ್ನು ನೆನೆಯಿಟ್ಟು, ಮೊಳಕೆಯೊಡೆಸಿ, ಒಣಗಿಸಿ, ತರಿಯಾಗಿ ಬೀಸಿ, ಬಿಸಿನೀರಿನಲ್ಲಿ ಕದಡಿ ಸಿಹಿಯಾದ ರಸವನ್ನು ತೆಗೆಯುವರು. ಅದಕ್ಕೆ ಹುದುಗು ಹಾಕಿ, ತಾಮ್ರದ ಹಂಡೆಗಳಲ್ಲಿ ಎರಡು ಬಾರಿ ಬಟ್ಟಿ ಇಳಿಸಿ, ಓಕ್ ಮರದ ಪೀಪಾಯಿಗಳಲ್ಲಿ ಮಾಗಲಿಡುವರು. ಮೊದಮೊದಲು ಈ ಮಾಲ್ಟನ್ನು ಕಬ್ಬಿನ ಮದ್ಯಸಾರದೊಡನೆ ಬೆರೆಸಿಯೇ ಮಾರುತ್ತಿದ್ದರು.

ಪೀಪಾಯಿಯಲ್ಲಿ ಮಾಗುವ ಮದ್ಯವು ಮರದ ಸೂಕ್ಷ್ಮ ರಂಧ್ರಗಳಿಂದ ಆವಿಯಾಗಿ ಹೋಗುತ್ತಲೇ ಇರುತ್ತದೆ. ಸ್ಕಾಟ್ಲೆಂಡಿನವರು ಇದನ್ನು ದೇವದೂತರ ಪಾಲೆಂದು ಕರೆಯುವರು. ಅಲ್ಲಿಯ ಚಳಿಯಲ್ಲಿ ಈ ದೂತರು ಮಿತಾಹಾರಿಗಳು. ವರ್ಷಕ್ಕೆ ನೂರಕ್ಕೆ ಎರಡು ಪಾಲು ಅವರಿಗೆ ಸಾಕು. ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದ ಬೆಂಗಳೂರಿನಲ್ಲಿಯಾದರೋ ನೂರಕ್ಕೆ ಹತ್ತು ಹನ್ನೆರಡು ಪಾಲು ಗಾಳಿಯ ಪಾಲಾಗುತ್ತದೆ. ನೂರು ಲೀಟರು ತುಂಬಿಟ್ಟರೆ ನಾಲ್ಕು ವರ್ಷಗಳಲ್ಲಿ ಅಲ್ಲಿ 92 ಲೀಟರು ಉಳಿದರೆ, ಇಲ್ಲಿ 65ರ ಆಸುಪಾಸು ಮಾತ್ರ ಉಳಿಯುವುದು. ಸಾಲದ ಬಡ್ಡಿಯನ್ನು ಲೆಕ್ಕಹಾಕುವ ವ್ಯಾಪಾರಿಗೆ ಈ ನಷ್ಟವು ಎದೆಯೊಡೆಯುವಂಥದು. ಆದರೆ ಅದೇ ಬಿಸಿಲು ಮರದ ಸಾರವನ್ನು ಬೇಗನೆ ಸೆಳೆದು ಮದ್ಯವನ್ನು ಅಲ್ಪಕಾಲದಲ್ಲಿಯೇ ಪಕ್ವಗೊಳಿಸುತ್ತದೆ. ಕಳೆದುಕೊಳ್ಳುವುದೇ ಗಳಿಕೆಯ ಮಾರ್ಗವಾಗುವ ಈ ವಿಚಿತ್ರವನ್ನು ಮನೆತನವು ತಾಳ್ಮೆಯಿಂದ ಕಲಿಯಬೇಕಾಯಿತು. 2013ರಲ್ಲಿ ಎಂಟು ವರ್ಷ ಮಾಗಿದ ಮದ್ಯವೊಂದನ್ನು ಹೊರತಂದಾಗ ಅದಕ್ಕೆ ಹೊಟ್ಟೆಬಾಕ ದೇವದೂತರ ಹೆಸರನ್ನೇ ಇಟ್ಟುದು ಈ ಕಾರಣದಿಂದ.

ಮೂರನೆಯ ತಲೆಮಾರಿನ ಪ್ರವೇಶವು 2001ರ ಸುಮಾರಿಗೆ. ನೀಲಕಂಠರ ಮಗ ರಕ್ಷಿತ್ ಜಗದಾಳೆಯವರು ಆಗ ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನಲ್ಲಿ ವ್ಯಾಪಾರಶಾಸ್ತ್ರದ ವಿದ್ಯಾರ್ಥಿ. ಬ್ರಿಟನ್ನಿನ ಭಾರತೀಯ ಊಟದ ಮನೆಗಳಲ್ಲಿ ಭಾರತದ ಮಾಲ್ಟ್ ವಿಸ್ಕಿಗೆ ಗಿರಾಕಿಗಳು ದೊರೆಯುವರೇ ಎಂಬುದನ್ನು ಶೋಧಿಸುವಂತೆ ತಂದೆಯು ಮಗನಿಗೆ ಸೂಚಿಸಿದರು. ಗ್ಲಾಸ್ಗೋದ ಪಾಟ್ ಸ್ಟಿಲ್ ಎಂಬ ಪಾನಗೃಹದಲ್ಲಿ ಹೆಸರನ್ನು ಮರೆಮಾಡಿ ರುಚಿ ತೋರಿಸಿದಾಗ ಬಲ್ಲವರೂ ಅದನ್ನು ಸ್ಕಾಟ್ಲೆಂಡಿನದೇ ಎಂದು ಭಾವಿಸಿದರು. 2004ರ ಆಗಸ್ಟ್ 24ರಂದು ಅದೇ ಗ್ಲಾಸ್ಗೋದಲ್ಲಿ ಅಮೃತ್ ಸಿಂಗಲ್ ಮಾಲ್ಟಿನ ಬಿಡುಗಡೆಯಾಯಿತು. ಕೊಲ್ಲಾಪುರದ ಪೇಟೆಗೆ ಹೋಗಿ ಬೆಲ್ಲ ಮಾರಿದಂತೆ ಇದು! ಆರಂಭದ ವರ್ಷಗಳಲ್ಲಿ ಮಾರಾಟವು ಮಂದವಾಗಿಯೇ ಇತ್ತು. ಸೀಸೆಯ ಮೇಲೆ ಭಾರತವೆಂಬ ಹೆಸರು ಕಂಡೊಡನೆ ಗಿರಾಕಿಯ ಕೈ ಹಿಂದೆಗೆಯುತ್ತಿತ್ತು.

ಕಾಲವು ಬದಲಾದುದು 2010ರಲ್ಲಿ. ನೂರಕ್ಕೆ 75 ಪಾಲು ಭಾರತದ ಜವೆಗೋಧಿ, 25 ಪಾಲು ಪೀಟ್ ಎಂಬ ಜೌಗುಮಣ್ಣಿನ ಹೊಗೆಯುಂಡ ಸ್ಕಾಟ್ಲೆಂಡಿನ ಜವೆಗೋಧಿ, ಇವೆರಡರ ಕೂಡಿಕೆಯಾದ ‘ಫ್ಯೂಷನ್’ ಎಂಬ ವಿಸ್ಕಿಗೆ ಜಿಮ್ ಮರ್ರೆ ಎಂಬ ಆಂಗ್ಲ ಪರೀಕ್ಷಕರು ಆ ವರ್ಷದ ತಮ್ಮ ಗ್ರಂಥದಲ್ಲಿ ನೂರಕ್ಕೆ 97 ಅಂಕಗಳನ್ನಿತ್ತು, ಜಗತ್ತಿನ ಮೂರನೆಯ ಸ್ಥಾನವನ್ನು ಕೊಟ್ಟರು. ಬೆಂಗಳೂರಿನಲ್ಲಿ ಹುಟ್ಟಿದ ಈ ಸರಕು ಬೆಂಗಳೂರಿನ ಅಂಗಡಿಗಳಿಗೆ ಬಂದುದೂ ಅದೇ ವರ್ಷ! ಹೊರಗಿನವರು ಹೊಗಳಿದ ಮೇಲೆ ಮನೆಯವರು ಮೆಚ್ಚುವುದು ನಮ್ಮಲ್ಲಿ ಹೊಸದಲ್ಲ. ಹಿತ್ತಲ ಗಿಡ ಮದ್ದಲ್ಲವಷ್ಟೆ.

2019ರ ಮೇ 9ರಂದು ನೀಲಕಂಠ ಜಗದಾಳೆಯವರು ಕಾಲವಾದರು; ಉದ್ಯಮವು ಮಗನ ಕೈಗೆ ಬಂದಿತು. ತಾತನು ಹೆಸರಿಟ್ಟನು, ತಂದೆಯು ಧಾನ್ಯವನ್ನು ಬದಲಿಸಿದನು, ಮಗನು ಹೊರನಾಡಿನ ಬಾಗಿಲನ್ನು ತಟ್ಟಿದನು.

ಇನ್ನು ಬೆಳಗಾವಿಯ ಮಾತು. 1956ರ ನವೆಂಬರ 1ರಂದು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿ, ಹಿಂದೆ ಹೇಳಿದ ಪ್ರಾಂತದ ಗಡಿಯು ಅಳಿಯಿತು. ಪಾನನಿರೋಧವನ್ನು ರಾಜ್ಯದ ಗುರಿಯೆಂದು ಹೇಳುವ ಸಂವಿಧಾನದ 47ನೆಯ ಅನುಚ್ಛೇದವು ಇಂದಿಗೂ ಹಾಗೆಯೇ ಇದೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಬಡವರ ಸಾರಾಯಿಯು ನಿಂತಿತು. ಉಳ್ಳವರ ವಿಸ್ಕಿಯು ನಿಲ್ಲಲಿಲ್ಲ. ಮಹಾತ್ಮರ ಅಧಿವೇಶನವನ್ನು ಕಂಡ ನಗರವು ಈ ಮನೆತನದ ಕೌಶಲವನ್ನು ಮೆಚ್ಚುವಾಗ, ಕುಡಿತದಿಂದ ಹಾಳಾದ ಮನೆಗಳನ್ನೂ ಮರೆಯಲಾರದು. ಕಡಲನ್ನು ಕಡೆದವರಿಗೆ ಅಮೃತ, ವಾರುಣಿ, ವಿಷ ಮೂರೂ ದೊರೆತಿದ್ದುವು. ಯಾವುದನ್ನು ಯಾರು ಎಷ್ಟು ತೆಗೆದುಕೊಳ್ಳಬೇಕೆಂಬ ವಿವೇಕವನ್ನು ಮಾತ್ರ ಕಡಲು ಕೊಡಲಿಲ್ಲ.