ಚದುರಂಗದ ಕಾಯಿಗಳು: ಹೆಸರು, ನಡೆ, ಇತಿಹಾಸ

ಚದುರಂಗವು ಇಬ್ಬರು ಎದುರುಬದುರು ಕುಳಿತು, 64 ಮನೆಗಳ ಹಾಸಿನ ಮೇಲೆ ತಲಾ 16 ಕಾಯಿಗಳನ್ನಿಟ್ಟು ಆಡುವ ಆಟ. ಪುತ್ತೂರು, ಸುಳ್ಯ, ಕಡಬದ ಮನೆಗಳಲ್ಲಿ ತುಳು, ಅರೆಭಾಷೆ, ಹವ್ಯಕ ಕನ್ನಡ ಹೀಗೆ ಮಾತು ಬೇರೆ ಬೇರೆಯಾದರೂ ಶಾಲೆಯ ಕನ್ನಡದಲ್ಲಿ ಕಾಯಿಗಳ ಹೆಸರು ಒಂದೇ: ರಾಜ, ಮಂತ್ರಿ, ಆನೆ, ಒಂಟೆ, ಕುದುರೆ, ಕಾಲಾಳು. ಆನೆ ನಿಲ್ಲುವುದು ಮೂಲೆಯಲ್ಲಿ. ಜಾಲ್ಸೂರಿನಲ್ಲಿ ಚೆರ್ಕಳದ ರಸ್ತೆ ಹಿಡಿದು ಗಡಿ ದಾಟಿ, ಕಾಸರಗೋಡಿನ ಮಲಯಾಳಿಗಳೊಡನೆ ಆಡಲು ಕುಳಿತರೆ ಅದೇ ಆನೆ ಮೂಲೆ ಬಿಟ್ಟು ಒಳಗೆ ಸರಿದಿರುತ್ತದೆ. ಅವರು ಮೂಲೆಯ ಕಾಯಿಗೆ ತೇರು ಎನ್ನುತ್ತಾರೆ. ನಾವು ಒಂಟೆ ಎನ್ನುವ ಕಾಯಿಯೇ ಅವರಿಗೆ ಆನೆ.

ಇದನ್ನು ಬರಿಯ ಭಾಷಾಭೇದವೆಂದು ಬಿಡುವಂತಿಲ್ಲ. ಆಟದ ಚರಿತ್ರೆಯೇ ಇದರಲ್ಲಿ ಅಡಗಿದೆ. ಚತುರಂಗವೆಂದರೆ ಸೇನೆಯ ನಾಲ್ಕು ಅಂಗ: ರಥ, ಗಜ, ತುರಗ, ಪದಾತಿ. 7ನೆಯ ಶತಮಾನದ ಬಾಣನ ಹರ್ಷಚರಿತದಲ್ಲಿ ಎಂಟೆಂಟು ಮನೆಗಳ ಅಷ್ಟಾಪದ ಹಾಸಿನೊಡನೆ ಚತುರಂಗದ ಉಲ್ಲೇಖವಿದೆ. ಆಟ ಪರ್ಶಿಯಕ್ಕೆ ಹೋದಾಗ ರಥ ‘ರುಖ್’ ಆಯಿತು, ಆನೆ ‘ಪೀಲ್’ ಆಯಿತು. ಅರಬ್ಬರ ಬಾಯಲ್ಲಿ ಅದು ‘ಅಲ್-ಫೀಲ್’. ಸ್ಪೇನಿನವರು ಇಂದಿಗೂ ನಮ್ಮ ಒಂಟೆಯನ್ನು ‘ಅಲ್ಫಿಲ್’ ಎಂದೇ ಕರೆಯುತ್ತಾರೆ. ಅಂದರೆ ಆನೆ ಮೊದಲು ನಿಂತದ್ದು ಕುದುರೆಗೂ ರಾಜ-ಮಂತ್ರಿಯರಿಗೂ ನಡುವಿನ ಮನೆಯಲ್ಲಿ. ಮಲಯಾಳ ಆ ಹಳೆಯ ಸಾಲನ್ನು ಕಾಪಾಡಿಕೊಂಡಿದೆ. ಹಿಂದಿ, ಮರಾಠಿಗಳಲ್ಲಿ ತೇರು ಮರೆಯಾಗಿ ಆನೆ ಮೂಲೆಗೆ ಹೋಯಿತು, ಅದರ ಜಾಗಕ್ಕೆ ಒಂಟೆ ಬಂತು. ಕನ್ನಡ ನಡೆದದ್ದು ಈ ಉತ್ತರದ ದಾರಿಯಲ್ಲಿ. ಎರಡು ದಾರಿಗಳು ಸಂಧಿಸುವ ಜಾಗ ಸುಳ್ಯ, ಪುತ್ತೂರುಗಳ ಗಡಿ. ಒಂದೇ ಹಾಸಿನ ಮೇಲೆ ಎರಡೂ ಹೆಸರು ಕೇಳಿಸುವ ಇಂಥ ಎಡೆಗಳನ್ನು ಆಟದ ಚರಿತ್ರೆಕಾರರು ಇನ್ನಷ್ಟು ಗಮನಿಸಬೇಕು.

ಮಂತ್ರಿಯ ಕಥೆ ಬೇರೆ. ಹಳೆಯ ಆಟದಲ್ಲಿ ಅವನು ಓರೆಯಾಗಿ ಒಂದೇ ಮನೆ ನಡೆಯುವ ದುರ್ಬಲ. ಒಂದು ನಡೆಯಲ್ಲಿ ದೂರ ಹೋಗಲಾರ. 15ನೆಯ ಶತಮಾನದ ಕೊನೆಗೆ ಯುರೋಪಿನಲ್ಲಿ ಆ ಕಾಯಿ ರಾಣಿಯ ಹೆಸರಿನಲ್ಲಿ ನೇರವಾಗಿಯೂ ಓರೆಯಾಗಿಯೂ ಎಷ್ಟು ಮನೆಯಾದರೂ ನಡೆಯುವ ಬಲ ಪಡೆಯಿತು. ನಮ್ಮಲ್ಲಿ ಬಲ ಬಂತು, ಹೆಸರು ಬದಲಾಗಲಿಲ್ಲ.

ಕನ್ನಡ ನಾಡಿನ ಅರಸರಲ್ಲಿ ಈ ಆಟವನ್ನು ಗ್ರಂಥಕ್ಕೆ ಇಳಿಸಿದವನು ಕಲ್ಯಾಣ ಚಾಲುಕ್ಯ ಮೂರನೆಯ ಸೋಮೇಶ್ವರ. 12ನೆಯ ಶತಮಾನದ ಅವನ ಸಂಸ್ಕೃತ ಗ್ರಂಥ ಮಾನಸೋಲ್ಲಾಸ ಅರಸನ ವಿನೋದಗಳಲ್ಲಿ ಚತುರಂಗವನ್ನೂ ವಿವರಿಸುತ್ತದೆ. ಆದರೆ ಚದುರಂಗದ ಕುದುರೆಯನ್ನು ಮನಸಾರೆ ಮೆಚ್ಚಿದವರೆಂದರೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868). 1799ರಲ್ಲಿ, ಐದರ ಎಳೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದ ಅವರಿಂದ 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡರು. ಮುಂದಿನ ವರ್ಷಗಳಲ್ಲಿ ಅವರ ಬುದ್ಧಿ ಹರಿದದ್ದು ಗ್ರಂಥರಚನೆಗೆ, ಆಟಗಳಿಗೆ. ಅವರ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯ ಕೌತುಕನಿಧಿ ಆಟಗಳಿಗೇ ಮೀಸಲು.

ಕುದುರೆ ಎರಡು ಮನೆ ನೇರ ಹೋಗಿ ಒಂದು ಮನೆ ಪಕ್ಕಕ್ಕೆ ತಿರುಗುತ್ತದೆ; ನಡುವೆ ಯಾರಿದ್ದರೂ ಹಾರಿ ಹೋಗುತ್ತದೆ. ಈ ನಡೆಯಲ್ಲೇ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರಬಹುದೇ? 9ನೆಯ ಶತಮಾನದಲ್ಲಿ ಕಾಶ್ಮೀರದ ರುದ್ರಟ ತನ್ನ ಕಾವ್ಯಾಲಂಕಾರದಲ್ಲಿ ಅರ್ಧ ಹಾಸಿನಷ್ಟರ ಇಂಥ ಪಯಣವನ್ನು ‘ತುರಗಪದ’ ಎಂಬ ಚಿತ್ರಕಾವ್ಯವಾಗಿಸಿದ್ದ. ಮುಮ್ಮಡಿಯವರು ಇಡೀ ಹಾಸಿನ ಪಯಣವನ್ನು ಅಂಕಿಗಳ ಅದ್ಭುತವಾಗಿಸಿದರು. ಕುದುರೆ ಮುಟ್ಟಿದ ಮನೆಗಳಿಗೆ ಕ್ರಮವಾಗಿ 1ರಿಂದ 64ರವರೆಗೆ ಅಂಕಿ ಬರೆದರೆ, ಅವರ ಒಂದು ರಚನೆಯಲ್ಲಿ ಪ್ರತಿ ಅಡ್ಡಸಾಲೂ ಪ್ರತಿ ಉದ್ದಸಾಲೂ ಕೂಡಿದಾಗ 260 ಬರುತ್ತದೆ. ಇದು ಎಷ್ಟು ವಿರಳವೆಂದರೆ, ಹೊರಟ ಮನೆಗೇ ಮರಳಬಲ್ಲ ಕುದುರೆ ಪಯಣಗಳು 13 ಲಕ್ಷ ಕೋಟಿಗೂ ಹೆಚ್ಚಿದ್ದರೆ, ಸಾಲುಗಳೆಲ್ಲ 260 ಆಗುವ ಪಯಣಗಳು, ತಿರುಗಿಸಿ ಮಗುಚಿ ನೋಡಿದವುಗಳನ್ನು ಬೇರೆಯಾಗಿ ಎಣಿಸದಿದ್ದರೆ, 140 ಮಾತ್ರ. 2003ರಲ್ಲಿ ಕಂಪ್ಯೂಟರುಗಳು ಈ ಎಣಿಕೆ ಮುಗಿಸಿದವು. ಅರಸರು ಕೈಯಲ್ಲಿ ಲೇಖನಿ ಹಿಡಿದು ಅಂಥದೊಂದನ್ನು ಕಂಡುಕೊಂಡಿದ್ದರು!

ಅವರ ಕಾಲದ ಭಾರತೀಯ ಆಟಕ್ಕೂ ಇಂದಿನ ಆಟಕ್ಕೂ ವ್ಯತ್ಯಾಸವಿತ್ತು. ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಸರಿಯುತ್ತಿತ್ತು. ಕೊನೆಯ ಸಾಲು ಮುಟ್ಟಿದರೆ ಆ ಮನೆಯ ಮೂಲ ಕಾಯಿಯ ರೂಪ ಪಡೆಯುತ್ತಿತ್ತು. ಒಂದೇ ನಡೆಯಲ್ಲಿ ರಾಜನನ್ನೂ ಆನೆಯನ್ನೂ ಸರಿಸುವ ಕ್ಯಾಸಲಿಂಗ್ ಇರಲಿಲ್ಲ. ಅದಕ್ಕೆ ಬದಲಾಗಿ ರಾಜನು ಎದುರಾಳಿಯ ದಾಳಿಗೆ, ಅಂದರೆ ಚೆಕ್‌ಗೆ, ಒಮ್ಮೆಯೂ ಸಿಕ್ಕದಿದ್ದರೆ ಒಂದೇ ಒಂದು ಸಲ ಕುದುರೆಯಂತೆ ಹಾರಬಹುದಿತ್ತು. ಈ ಭಾರತೀಯ ಪದ್ಧತಿಯಲ್ಲೇ ಆಟ ಕಲಿತ ಪಂಜಾಬಿನ ಮೀರ್ ಸುಲ್ತಾನ್ ಖಾನ್ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು.

ಪಟ್ಟುಗಳ ಹೆಸರು ಮಾತ್ರ ಇಂಗ್ಲಿಷಿನಿಂದಲೇ ಬಂದಿವೆ. ಒಂದು ಕಾಯಿ ಏಕಕಾಲಕ್ಕೆ ಎರಡರ ಮೇಲೆ ಬಿದ್ದರೆ ಫೋರ್ಕ್. ಎದುರಾಳಿಯ ಮಂತ್ರಿಯ ಬದಿಯ ಒಂಟೆಯ ಮುಂದಿನ ಮನೆಗೆ ಕುದುರೆ ನುಗ್ಗಿದರೆ, ಸ್ವಂತ ಮನೆಯಲ್ಲೇ ಕುಳಿತ ರಾಜನಿಗೆ ಚೆಕ್, ಆ ಬದಿಯ ಮೂಲೆಯ ಆನೆಗೂ ಕುತ್ತು. ಕುದುರೆಯನ್ನು ಹೊಡೆಯಲಾಗದಿದ್ದರೆ ರಾಜ ಸರಿಯಲೇಬೇಕು, ಆನೆ ಹೋಗಲೇಬೇಕು. ಹೊಸಬರು ಮೊದಲು ಸೋಲುವುದೂ ಮೊದಲು ಗೆಲ್ಲುವುದೂ ಹೆಚ್ಚಾಗಿ ಈ ಪಟ್ಟಿನಲ್ಲೇ. ಅಲುಗಿದರೆ ಹಿಂದಿರುವ ರಾಜ ಬಯಲಾಗುವಂತೆ ಕಾಯಿಯೊಂದನ್ನು ಕಟ್ಟಿಹಾಕುವುದು ಪಿನ್. ದೊಡ್ಡ ಕಾಯಿ ಮುಂದಿದ್ದು, ಅದು ಸರಿದಾಗ ಹಿಂದಿನದು ಸಿಕ್ಕಿದರೆ ಸ್ಕ್ಯೂಅರ್.

1988ರಲ್ಲಿ ವಿಶ್ವನಾಥನ್ ಆನಂದ್ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಕರ್ನಾಟಕಕ್ಕೆ ಆ ಪದವಿ ಬಂದದ್ದು 2017ರಲ್ಲಿ, ಮೈಸೂರಿನ ಎಂ.ಎಸ್. ತೇಜಕುಮಾರ್ ಅವರಿಂದ. ಕಡಬಕ್ಕೆ ನೆರೆಯ ಬೆಳ್ತಂಗಡಿಯ ಇಶಾ ಶರ್ಮಾ ಮಹಿಳಾ ಗ್ರ್ಯಾಂಡ್‌ಮಾಸ್ಟರ್. ಶಾಲಾ ಕ್ರೀಡಾಕೂಟಗಳಲ್ಲಿ ಚೆಸ್ ಸೇರಿರುವುದರಿಂದ ಹಳ್ಳಿಶಾಲೆಯ ಮಕ್ಕಳಿಗೂ ತಾಲೂಕು ಮಟ್ಟದ ಹಾಸಿನ ಮುಂದೆ ಕೂರುವ ಅವಕಾಶವಿದೆ. ದೊಡ್ಡ ಟೂರ್ನಿಗಳಲ್ಲಿ ಪ್ರತಿ ನಡೆಯನ್ನೂ ಬರೆದಿಡಬೇಕು, ನಮ್ಮಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳಲ್ಲಿ. ಮೂಲೆಯ ಕಾಯಿಯಾದ ರೂಕ್‌ಗೆ ಆರ್, ಬಿಷಪ್‌ಗೆ ಬಿ. ಆ ಬಿ ಅಕ್ಷರವನ್ನು ಸುಳ್ಯದ ಹುಡುಗಿ ಒಂಟೆ ಎಂದು ಓದಿದರೆ, ಎದುರು ಕುಳಿತ ಮಲಯಾಳಿ ಹುಡುಗಿ ಆನೆ ಎಂದು ಓದುತ್ತಾಳೆ.