ಯಾದಿಯಲ್ಲಿ ಇಲ್ಲದ ಸಹಿ

ಮದುವೆಗೆ ಮುನ್ನ ವಧೂವರರು ಕರಾರುಪತ್ರ ಬರೆದುಕೊಳ್ಳುವ ವಿಚಾರ ಈಗ ನಗರಗಳಲ್ಲಿ ಚರ್ಚೆಗೆ ಬಂದಿದೆ. ಇದು ಪಾಶ್ಚಾತ್ಯರ ಅನುಕರಣೆಯೆಂದು ಹಿರಿಯರು ಮೂಗು ಮುರಿಯುವುದುಂಟು. ಆದರೆ ಹುಬ್ಬಳ್ಳಿ-ಧಾರವಾಡದ ಸೀಮೆಯಲ್ಲಿ ಲಗ್ನಕ್ಕೆ ಮುನ್ನ ಕಾಗದ ಬರೆಯುವುದು ಹೊಸದಲ್ಲ. ಅದಕ್ಕೆ ನಮ್ಮಲ್ಲಿ ‘ಯಾದಿ’ ಎಂಬ ಹೆಸರೇ ಇದೆ.

ಯಾದಿ ಎಂದರೆ ಪಟ್ಟಿ. ಮರಾಠಿಯೊಡನೆ ನಮಗಿರುವ ಬಹುಕಾಲದ ಒಡನಾಟದಲ್ಲಿ ಬೆಳೆದ ಪದವಿದು. ಸಂಬಂಧ ಕುದುರಿದ ಮೇಲೆ ಎರಡೂ ಕಡೆಯ ಹಿರಿಯರು ಕುಳಿತು, ಬಂಗಾರ ಎಷ್ಟು ತೊಲಿ, ಭಾಂಡೆ-ಬಟ್ಟೆ ಏನೇನು, ಲಗ್ನದ ಖರ್ಚು ಯಾರದು ಎಂಬುದನ್ನು ಬರೆದು ಸಹಿ ಮಾಡುತ್ತಿದ್ದರು. ಅದೇ ದಿನ ಲಗ್ನವೂ ಮುಗಿದರೆ ‘ಯಾದಿ ಪೇ ಶಾದಿ’ ಎನ್ನುತ್ತಿದ್ದರು. ಕೊಟ್ಟ ಮಾತು ತಪ್ಪಬಾರದೆಂಬ ವಿವೇಕ ಅದರ ಹಿಂದಿತ್ತು. ಆದರೆ ಯಾರ ಬಾಳುವೆಗಾಗಿ ಇಷ್ಟೆಲ್ಲ ಬರೆಯುತ್ತಿದ್ದರೋ ಆ ಕನ್ಯೆಯ ಸಹಿ ಮಾತ್ರ ಅದರಲ್ಲಿ ಇರುತ್ತಿರಲಿಲ್ಲ.

ಹೆಣ್ಣೇ ಕರಾರು ಹಾಕಿದ ನಿದರ್ಶನ ನಮ್ಮ ಸಾಹಿತ್ಯದಲ್ಲಿದೆ. ಹರಿಹರನ ‘ಮಹಾದೇವಿಯಕ್ಕನ ರಗಳೆ’ಯಲ್ಲಿ ಅಕ್ಕನು ಕೌಶಿಕನನ್ನು ವರಿಸುವ ಮುನ್ನ, ತನ್ನ ಶಿವಪೂಜೆಗೂ ಶರಣರ ಸಂಗಕ್ಕೂ ಗುರುಸೇವೆಗೂ ಅಡ್ಡಿ ಬರಬಾರದೆಂದು ನಿಬಂಧನೆ ವಿಧಿಸುತ್ತಾಳೆ. ಅವನು ಮಾತು ಮುರಿದಾಗ ಅರಮನೆಯನ್ನೇ ತೊರೆಯುತ್ತಾಳೆ. ನಮ್ಮ ನೆರೆಯ ಮುಸಲ್ಮಾನ ಮನೆತನಗಳ ನಿಕಾಹದಲ್ಲಿಯೂ ಮೆಹರ್ ವಧುವಿನ ಸ್ವಂತ ಹಕ್ಕು. ಪಕ್ಕದ ಗೋವೆಯಲ್ಲಿ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯ ಪ್ರಕಾರ, ಆಸ್ತಿಯ ಬಗೆಗೆ ವಿವಾಹಪೂರ್ವ ಒಪ್ಪಂದ ಮಾಡಿಕೊಳ್ಳಲು ಇಂದಿಗೂ ಅವಕಾಶವಿದೆ.

ಹಿಂದೂ ವಿವಾಹದ ಹಾದಿ ಬೇರೆ. ಅಳಿಯನು ಅತ್ತೆಯ ಮನೆಯಲ್ಲಿಯೇ ಇರಬೇಕೆಂಬ ವಿವಾಹಪೂರ್ವ ಕರಾರನ್ನು ಕಲಕತ್ತಾ ಉಚ್ಚ ನ್ಯಾಯಾಲಯವು 1901ರಲ್ಲಿ ಅಸಿಂಧುವೆಂದು ಸಾರಿತು. 1955ರ ಹಿಂದೂ ವಿವಾಹ ಕಾಯ್ದೆಯೂ ಇಂಥ ಪತ್ರಗಳಿಗೆ ಸ್ಥಾನ ಕೊಡಲಿಲ್ಲ. 1961ರಲ್ಲಿ ವರದಕ್ಷಿಣೆ ನಿಷೇಧ ಕಾಯ್ದೆ ಬಂದ ಮೇಲಂತೂ, ಕೊಡು-ಕೊಳ್ಳುವಿಕೆಯನ್ನು ಬರೆದ ಹಳೆಯ ಬಗೆಯ ಯಾದಿ ಅಪರಾಧದ ಸಾಕ್ಷಿಯೇ ಆಯಿತು.

ಆದರೆ 1985ರಲ್ಲಿ ಎರಡು ಸಂಗತಿಗಳು ನಡೆದವು. ಪ್ರತಿಭಾ ರಾಣಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಸ್ತ್ರೀಧನವು ಹೆಂಡತಿಯ ಸ್ವತ್ತು, ಗಂಡನ ಮನೆಯವರ ವಶದಲ್ಲಿದ್ದರೂ ಅವರದಾಗದು ಎಂದಿತು. ಅದೇ ವರ್ಷದ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮಗಳು, ವಧುವಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ವಧುವೇ ಇಟ್ಟುಕೊಳ್ಳಬೇಕು, ಕೊಟ್ಟವರ ಹೆಸರು, ಸಂಬಂಧ, ಅಂದಾಜು ಬೆಲೆ ಬರೆದು ವಧೂವರರಿಬ್ಬರೂ ಸಹಿ ಮಾಡಬೇಕು ಎಂದು ವಿಧಿಸಿದವು. ಯಾದಿಯೇ ಮರಳಿ ಬಂದಂತಾಯಿತು. ಈ ಸಲ ಅದರಲ್ಲಿ ಹುಡುಗಿಯ ಸಹಿಯೂ ಇತ್ತು.

ಮಕ್ಕಳ ಲಗ್ನ ಮಾಡುವ ವಯಸ್ಸಿಗೆ ಬಂದಿರುವ ನನ್ನ ವಿದ್ಯಾರ್ಥಿಗಳಿಗೆ ಹೇಳುವುದಿಷ್ಟೆ. ಕೇಳಿ ಪಡೆದದ್ದು ವರದಕ್ಷಿಣೆ. ಪಟ್ಟಿಯಲ್ಲಿ ಬರೆದ ಮಾತ್ರಕ್ಕೆ ಅದು ಉಡುಗೊರೆಯಾಗದು. ಪ್ರೀತಿಯಿಂದ ಕೊಟ್ಟದ್ದಕ್ಕೆ ಪಟ್ಟಿ ಬರೆಯಿರಿ, ಮಗಳ ಕೈಯಿಂದಲೇ ಬರೆಯಿಸಿರಿ, ಒಂದು ಪ್ರತಿ ಅವಳ ಬಳಿಯೇ ಇರಲಿ. ಲಗ್ನದ ಗದ್ದಲದಲ್ಲಿ ಇದು ಒಂದು ತಾಸಿನ ಕೆಲಸ. ಮುಂದೆ ಕಷ್ಟ ಒದಗಿದರೆ, ‘ಇದು ನನ್ನದು’ ಎನ್ನಲು ಅವಳ ಕೈಯಲ್ಲಿ ಒಂದು ಕಾಗದವಾದರೂ ಇರುತ್ತದೆ.